ತಂತಿಯಿಲ್ಲದ ಬೈರಿಗೆ: ಪುಟ್ಟ ಯಂತ್ರದಿಂದ ಕಠಿಣ ಕೆಲಸ ತೆಗೆಯುವುದೆಂತು?

ಬೆಂಗಳೂರು: ಬಡಗಿಗಳ ಚೀಲದಲ್ಲಿ ಒಂದು ಕಾಲಕ್ಕೆ ಉಳಿ, ಕೊಡತಿ, ಗರಗಸಗಳ ಜೊತೆಗೆ ಕೈಯಿಂದ ತಿರುಗಿಸುವ ಬೈರಿಗೆಯೊಂದು ಇದ್ದೇ ಇರುತ್ತಿತ್ತು. ಅದರ ಸ್ಥಾನವನ್ನು ಮೊದಲು ಉದ್ದನೆಯ ತಂತಿ ಎಳೆದುಕೊಂಡು ಬಂದ ವಿದ್ಯುತ್ ಡ್ರಿಲ್ ಆಕ್ರಮಿಸಿತು. ಈಗ ಆ ತಂತಿಯೂ ಮಾಯವಾಗಿದೆ. ಒಂದೂವರೆ ಕಿಲೋ ತೂಗುವ, ಬ್ಯಾಟರಿಯಿಂದ ನಡೆಯುವ ಪುಟ್ಟ ಕಾರ್ಡ್‌ಲೆಸ್ ಡ್ರಿಲ್ ಅಡುಗೆಮನೆಯ ಕಪಾಟು ಕೂರಿಸುವವರಿಂದ ಹಿಡಿದು ಹವಾನಿಯಂತ್ರಕ ಅಳವಡಿಸುವವರವರೆಗೆ ಎಲ್ಲರ ಕೈಯಲ್ಲೂ ಕಾಣಸಿಗುತ್ತದೆ.

ಆದರೆ ಇದನ್ನು ಕೊಳ್ಳುವುದು ಮಾತ್ರ ಅಷ್ಟು ಸುಲಭದ ಕೆಲಸವಲ್ಲ. ಪೆಟ್ಟಿಗೆಯ ಮೇಲೆ ಮುದ್ರಿತವಾದ ಅಂಕಿಗಳು ಹಲವು. ಅವುಗಳಲ್ಲಿ ಕೆಲಸಕ್ಕೆ ಬರುವಂಥವು ಕೆಲವೇ. ಮನೆಯಲ್ಲಿ ವರ್ಷಕ್ಕೆ ನಾಲ್ಕು ಚಿತ್ರಪಟ ತೂಗುಹಾಕುವವರಿಗೆ ಯಾವ ಯಂತ್ರವಾದರೂ ನಡೆದೀತು. ದಿನಗೂಲಿಯ ಲೆಕ್ಕದಲ್ಲಿ ಬದುಕುವ ಕುಶಲಕರ್ಮಿಗೆ ಹಾಗಲ್ಲ. ಒಪ್ಪಿಕೊಂಡ ಕೆಲಸದ ನಡುವೆ ಯಂತ್ರ ಸುಟ್ಟುಹೋದರೆ ಯಂತ್ರದ ಬೆಲೆಯ ಜೊತೆಗೆ ಆ ದಿನದ ದುಡಿಮೆಯೂ ಹೋಗುತ್ತದೆ. ಏಣಿಯ ಮೇಲೆ ನಿಂತಾಗ ಡ್ರಿಲ್ ಗಕ್ಕನೆ ಸಿಕ್ಕಿಕೊಂಡು ತಿರುಗಿದರೆ ಮಣಿಕಟ್ಟೇ ಹೋದೀತು.

ಶತಮಾನದ ಪಯಣ

ಜರ್ಮನಿಯ ಫೈನ್ ಕಂಪನಿ ವಿದ್ಯುತ್ ಕೈಡ್ರಿಲ್ ತಯಾರಿಸಿದ್ದು 1895ರಲ್ಲಿ. ಪಿಸ್ತೂಲಿನಂತೆ ಹಿಡಿದು ಬೆರಳಿನಿಂದ ಒತ್ತುವ ಇಂದಿನ ರೂಪಕ್ಕೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ 1917ರಲ್ಲಿ ಹಕ್ಕುಸ್ವಾಮ್ಯ ಪಡೆಯಿತು. ಅದೇ ಕಂಪನಿ 1961ರಲ್ಲಿ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ ಕಾರ್ಡ್‌ಲೆಸ್ ಡ್ರಿಲ್ಲನ್ನು ಮಾರುಕಟ್ಟೆಗೆ ತಂದಿತು. 

ಹತ್ತು ವರ್ಷಗಳ ತರುವಾಯ, 1971ರಲ್ಲಿ, ಅಪೊಲೊ 15ರ ಗಗನಯಾತ್ರಿಗಳು ಬ್ಯಾಟರಿ ಡ್ರಿಲ್ ಹಿಡಿದು ಚಂದ್ರನ ನೆಲವನ್ನೇ ಕೊರೆದರು. ಸುಮಾರು 3 ಮೀಟರ್ ಇಳಿಯಬೇಕಿದ್ದ ರಂಧ್ರ ಒಂದೂವರೆ ಮೀಟರಿನ ಆಸುಪಾಸಿನಲ್ಲೇ ನಿಂತುಬಿಟ್ಟಿತು. ತಪ್ಪು ಮೋಟಾರಿನದಾಗಿರಲಿಲ್ಲ. ಕೊರೆಯುವ ಸಲಾಕೆಯ ಜೋಡಣೆಗಳ ಬಳಿ ಪುಡಿಯನ್ನು ಮೇಲೆತ್ತುವ ಸುರುಳಿಗೆರೆ ತುಂಡಾಗಿದ್ದರಿಂದ ಪುಡಿ ಅಲ್ಲೇ ಒತ್ತಿ ಕೂತಿತ್ತು. ಮುಂದಿನ ಯಾನಕ್ಕೆ ಆ ಜೋಡಣೆಯನ್ನು ಬದಲಿಸಲಾಯಿತು. ಬೋರು ಮೊಂಡಾಗಿರುವುದನ್ನು ಅಥವಾ ಪುಡಿ ಕಟ್ಟಿಕೊಂಡಿರುವುದನ್ನು ನೋಡದೆ "ಮಿಷನ್ನಿಗೆ ಶಕ್ತಿ ಸಾಲದು" ಎಂದು ದೂರುವವರು ನೆನಪಿಡಬೇಕಾದ ಪ್ರಸಂಗವಿದು. 

ಪುಟ್ಟ ಯಂತ್ರಕ್ಕೆ ನಿಜವಾದ ಕಸುವು ಬಂದದ್ದು ಲಿಥಿಯಂ ಅಯಾನ್ ಬ್ಯಾಟರಿಯಿಂದ. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಈ ಬ್ಯಾಟರಿ 2005ರ ಸುಮಾರಿಗೆ ಡ್ರಿಲ್ಲುಗಳನ್ನು ಹೊಕ್ಕಿತು. ಇದರ ಹಿಂದಿನ ಸಂಶೋಧನೆಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪುರಸ್ಕಾರವೂ ಸಂದಿತು.

ವೋಲ್ಟಿನ ಮಾಯಾಬಜಾರು

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವ ಅಂಕಿ ವೋಲ್ಟಿನದು. ಒಂದು ಲಿಥಿಯಂ ಕೋಶದ ಸರಾಸರಿ ಒತ್ತಡ 3.6 ವೋಲ್ಟ್, ಪೂರ್ತಿ ತುಂಬಿದಾಗ 4.2 ವೋಲ್ಟ್. ಮೂರು ಕೋಶಗಳನ್ನು ಸಾಲಾಗಿ ಜೋಡಿಸಿದರೆ 10.8 ವೋಲ್ಟ್. ಇದನ್ನೇ ಪೆಟ್ಟಿಗೆಯ ಮೇಲೆ 12 ವೋಲ್ಟ್ ಎಂದು ಬರೆಯುತ್ತಾರೆ. ಐದು ಕೋಶಗಳಿಗೆ 18 ವೋಲ್ಟ್. ಕೆಲವರು 20 ಎಂದೂ ಇನ್ನು ಕೆಲವರು 21 ಎಂದೂ ಮುದ್ರಿಸುವುದು ಇದೇ ಐದು ಕೋಶಗಳ ಬ್ಯಾಟರಿಯನ್ನೇ. ಆದ್ದರಿಂದ 18ಕ್ಕಿಂತ 20 ಮೇಲು, 20ಕ್ಕಿಂತ 21 ಮೇಲು ಎಂಬ ಲೆಕ್ಕಾಚಾರಕ್ಕೆ ಅರ್ಥವಿಲ್ಲ. 

ಅಗ್ಗದ ಅನಾಮಧೇಯ ಯಂತ್ರಗಳ ಮೇಲೆ 48, 88, 98 ಮುಂತಾದ ಅಂಕಿಗಳ ಮುಂದೆ 'ವಿಎಫ್' ಎಂಬ ಎರಡಕ್ಷರ ಸೇರಿಸಿರುವುದುಂಟು. ಅದು ವೋಲ್ಟಿನ ಅಳತೆಯೇ ಅಲ್ಲ, ವೋಲ್ಟಿನಂತೆ ಕಾಣಲಿ ಎಂದು ಹಾಕಿದ ಅಂಕಿ. ಬ್ಯಾಟರಿಯ ಅಡಿಭಾಗದ ಚೀಟಿಯನ್ನು ಓದಿದರೆ ಗುಟ್ಟು ಬಯಲಾಗುತ್ತದೆ.

ಹಾಗಾದರೆ 12 ಸಾಕೇ, 18 ಬೇಕೇ? ಕಪಾಟಿನ ಒಳಗೆ ತಲೆ ತೂರಿಸಿ ಮೊಳೆಸುತ್ತು ಬಿಗಿಯುವವರಿಗೆ, ಸ್ವಿಚ್‌ಬೋರ್ಡ್ ಕೂರಿಸುವವರಿಗೆ 12 ವೋಲ್ಟಿನ ಯಂತ್ರ ನಿಜಕ್ಕೂ ವರದಾನ. ಬ್ಯಾಟರಿ ಸೇರಿ ಒಂದು ಕಿಲೋ ಆಸುಪಾಸು ತೂಗುತ್ತದೆ. ಆದರೆ ತೇಗ, ಮತ್ತಿ, ಹಲಸಿನಂಥ ಗಟ್ಟಿ ಮರದಲ್ಲಿ ಒಂದಂಗುಲದ ರಂಧ್ರ ಕೊರೆಯುವುದು, ಕಬ್ಬಿಣದ ಚೌಕಟ್ಟಿಗೆ 10 ಮಿ.ಮೀ. ತೂತು ಹಾಕುವುದು ನಿತ್ಯದ ಕಾಯಕವಾದರೆ 18 ವೋಲ್ಟಿನ ಪುಟ್ಟ ಮಾದರಿಯೇ ಸೂಕ್ತ. ಒಂದೂವರೆ ಕಿಲೋ ಒಳಗೆ ಈ ಮಾದರಿಗಳು ಧಾರಾಳವಾಗಿ ಲಭ್ಯ.

ತಿರುಚುಬಲ ಎಂಬ ಎರಡಲಗಿನ ಕತ್ತಿ

ವೋಲ್ಟಿಗಿಂತ ಮುಖ್ಯವಾದ ಅಂಕಿ ಟಾರ್ಕ್, ಅಂದರೆ ತಿರುಚುಬಲ. ಇದನ್ನು ನ್ಯೂಟನ್ ಮೀಟರ್ ಎಂಬ ಏಕಮಾನದಲ್ಲಿ ಅಳೆಯುತ್ತಾರೆ. 12 ವೋಲ್ಟಿನ ಉತ್ತಮ ಯಂತ್ರಗಳು 30ರಿಂದ 40, 18 ವೋಲ್ಟಿನ ಪುಟ್ಟ ಯಂತ್ರಗಳು 50ರಿಂದ 65 ನ್ಯೂಟನ್ ಮೀಟರ್ ಎಂದು ಹೇಳಿಕೊಳ್ಳುವುದು ಸಾಮಾನ್ಯ. ಇಲ್ಲೊಂದು ಸೂಕ್ಷ್ಮವಿದೆ. ದೊಡ್ಡಕ್ಷರದಲ್ಲಿ ಅಚ್ಚಾಗುವುದು 'ಹಾರ್ಡ್' ಟಾರ್ಕ್. ಅಂದರೆ ಲೋಹದ ಬಿಗಿ ಜೋಡಣೆಗೆ ಬಡಿದು ಯಂತ್ರ ನಿಂತುಹೋಗುವ ಕ್ಷಣದ ಗರಿಷ್ಠ ಬಲ. ಮರದಲ್ಲಿ ಸ್ಕ್ರೂ ಇಳಿಯುವಾಗ ಸಿಗುವ 'ಸಾಫ್ಟ್' ಟಾರ್ಕ್ ಬಹುತೇಕ ಅದರ ಅರ್ಧದಷ್ಟು. ಎರಡನ್ನೂ ಬರೆದಿರುವ ತಯಾರಕರನ್ನು ಹೆಚ್ಚು ನಂಬಬಹುದು.

ಬಲ ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸುವಂತಿಲ್ಲ. ಹಿಡಿಯ ನಡುಭಾಗ ಕೊರೆಯುವ ಅಕ್ಷದಿಂದ ಸುಮಾರು 10 ಸೆಂ.ಮೀ. ಕೆಳಗಿರುತ್ತದೆ. 60 ನ್ಯೂಟನ್ ಮೀಟರ್ ಬಲದ ಯಂತ್ರ ಕಬ್ಬಿಣದಲ್ಲೋ ಮರದ ಗಂಟಿನಲ್ಲೋ ಒಮ್ಮೆಲೇ ಸಿಕ್ಕಿಕೊಂಡರೆ ಆ ಹಿಡಿಯ ಮೂಲಕ ಕೈಯ ಮೇಲೆ ಬೀಳುವ ಹೊಡೆತ 600 ನ್ಯೂಟನ್. ಬಿಡಿಸಿ ಹೇಳುವುದಾದರೆ ಸುಮಾರು 60 ಕಿಲೋ ತೂಕಕ್ಕೆ ಸಮ. ಪಕ್ಕದ ಹಿಡಿಯನ್ನು ಜೋಡಿಸಿಕೊಂಡು ಅಕ್ಷದಿಂದ 25 ಸೆಂ.ಮೀ. ದೂರದಲ್ಲಿ ಹಿಡಿದರೆ ಅದೇ ಹೊಡೆತ 24 ಕಿಲೋಗೆ ಇಳಿಯುತ್ತದೆ. ಹೆಚ್ಚಿನವರು ಪೆಟ್ಟಿಗೆಯಲ್ಲೇ ಬಿಟ್ಟುಹೋಗುವ ಆ ಪ್ಲಾಸ್ಟಿಕ್ ಹಿಡಿ ಎಷ್ಟು ಅಮೂಲ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಯಂತ್ರ ಹಠಾತ್ತನೆ ತಿರುಗಿದ್ದನ್ನು ಗ್ರಹಿಸಿ ಮೋಟಾರನ್ನು ತಾನೇ ನಿಲ್ಲಿಸುವ ಸಂವೇದಕ ಕೆಲವು ಮಾದರಿಗಳಲ್ಲಿದೆ. ಏಣಿಯ ಮೇಲೆ ದುಡಿಯುವವರು ಅದಕ್ಕೆ ಹೆಚ್ಚುವರಿ ಹಣ ಕೊಟ್ಟರೂ ನಷ್ಟವಿಲ್ಲ.

ವೇಗದ ಮಾತು ಇದರೊಂದಿಗೆ ಸೇರಿಕೊಂಡಿದೆ. ಎರಡು ಗೇರಿನ ಯಂತ್ರದಲ್ಲಿ ಒಂದನೆಯದು ನಿಮಿಷಕ್ಕೆ 400ರಿಂದ 500 ಸುತ್ತು, ಎರಡನೆಯದು 1,500ರಿಂದ 2,000 ಸುತ್ತು. ದಪ್ಪ ರಂಧ್ರಕ್ಕೂ ಸ್ಕ್ರೂಗೂ ಮೊದಲನೆಯದು, ಸಣ್ಣ ರಂಧ್ರಕ್ಕೆ ಎರಡನೆಯದು. ಸಾಧಾರಣ ಕಬ್ಬಿಣದಲ್ಲಿ 10 ಮಿ.ಮೀ. ತೂತಿಗೆ 800 ಸುತ್ತು ಮೀರಬಾರದು. ಸ್ಟೇನ್‌ಲೆಸ್ ಸ್ಟೀಲ್ ಆದರೆ ಅದರ ಅರ್ಧ ಸಾಕು. ವೇಗ ಹೆಚ್ಚಿಸಿದಷ್ಟೂ ಬೋರಿನ ಮೂತಿ ನೀಲಿಗಟ್ಟಿ ಹಾಳಾಗುತ್ತದೆಯೇ ಹೊರತು ಕೆಲಸ ಮುಂದೆ ಸಾಗದು.

ಇಂಗಾಲದ ಬ್ರಶ್ ಇರಬೇಕೇ?

ಹಳೆಯ ಬಗೆಯ ಮೋಟಾರಿನಲ್ಲಿ ಇಂಗಾಲದ ಎರಡು ತುಂಡುಗಳು ತಿರುಗುವ ಭಾಗಕ್ಕೆ ಉಜ್ಜುತ್ತ ವಿದ್ಯುತ್ ರವಾನಿಸುತ್ತವೆ. ಉಜ್ಜುವಿಕೆಯಿಂದ ಶಾಖ, ಕಿಡಿ, ಸವಕಳಿ. ಬ್ರಶ್‌ಲೆಸ್ ಮೋಟಾರಿನಲ್ಲಿ ಈ ಕೆಲಸವನ್ನು ಎಲೆಕ್ಟ್ರಾನಿಕ್ ಫಲಕ ಮಾಡುತ್ತದೆ. ಮೋಟಾರು ಗಿಡ್ಡವಾಗುತ್ತದೆ, ಒಂದೇ ಬ್ಯಾಟರಿಯಲ್ಲಿ ಹೆಚ್ಚು ರಂಧ್ರ ಕೊರೆಯಬಹುದು. ಪುಟ್ಟ ಗಾತ್ರ, ಕಠಿಣ ಕೆಲಸ ಎರಡೂ ಬೇಕೆನ್ನುವವರಿಗೆ ಬ್ರಶ್‌ಲೆಸ್ ಬಿಟ್ಟು ಅನ್ಯ ಮಾರ್ಗವಿಲ್ಲ ಎನ್ನಬಹುದು. ಆದರೆ ಒಂದು ಮಾತು. ಸವೆದ ಬ್ರಶ್ಶನ್ನು ಸಣ್ಣ ಪಟ್ಟಣದ ವೈಂಡಿಂಗ್ ಅಂಗಡಿಯಲ್ಲೂ ಅಲ್ಪ ಖರ್ಚಿನಲ್ಲಿ ಬದಲಿಸಿಕೊಡುತ್ತಾರೆ. ಫಲಕ ಸುಟ್ಟರೆ ಇಡೀ ಫಲಕವನ್ನೇ ಹಾಕಿಸಬೇಕು, ಅದಕ್ಕೆ ಅಧಿಕೃತ ಸೇವಾಕೇಂದ್ರವೇ ಗತಿ. ತಾವಿರುವ ಊರಿಗೆ ಸೇವಾಕೇಂದ್ರ ಎಷ್ಟು ದೂರ ಎಂದು ವಿಚಾರಿಸದೆ ಕೊಳ್ಳುವುದು ಜಾಣತನವಲ್ಲ.

ಗೋಡೆಯ ಗುಣ ಅರಿತರೆ ಅರ್ಧ ಗೆದ್ದಂತೆ

ನಮ್ಮಲ್ಲಿ ಡ್ರಿಲ್ಲಿಗೆ ನಿಜವಾದ ಸತ್ವಪರೀಕ್ಷೆ ಗೋಡೆಯಲ್ಲಿ. ಕರಾವಳಿಯ ಜಂಬಿಟ್ಟಿಗೆ, ಬಯಲುಸೀಮೆಯ ಸುಟ್ಟ ಇಟ್ಟಿಗೆ, ಹೊಸ ವಸತಿ ಸಮುಚ್ಚಯಗಳ ಹಗುರ ಎಎಸಿ ಬ್ಲಾಕ್, ಕಬ್ಬಿಣ ಹೆಣೆದ ಕಾಂಕ್ರೀಟ್ ಕಂಬ: ಇವೆಲ್ಲಕ್ಕೂ ಒಂದೇ ಮಂತ್ರ ನಡೆಯದು.

'ಹ್ಯಾಮರ್' ಗುರುತಿನ ಸಾಧಾರಣ ಡ್ರಿಲ್ಲಿನೊಳಗೆ ಹಲ್ಲುಗಳಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಈ ಜಿಗಿತವೇ ಹೊಡೆತ. ನಿಮಿಷಕ್ಕೆ 20 ಸಾವಿರಕ್ಕೂ ಹೆಚ್ಚು ಹೊಡೆತಗಳಾದರೂ ಒಂದೊಂದೂ ತೀರ ದುರ್ಬಲ. ಬಲವೆಲ್ಲ ಹಿಂದಿನಿಂದ ಒತ್ತುವ ಮನುಷ್ಯನದೇ. ಇಟ್ಟಿಗೆಗೆ ಇದು ಸಾಕು. ಕಾಂಕ್ರೀಟಿನಲ್ಲಿ 6 ಮಿ.ಮೀ. ಮೊಳೆಗುಬಟಿಗೆ ಅಷ್ಟೋ ಇಷ್ಟೋ ತೂತು ಹಾಕಬಹುದು. ಆದರೆ ಹವಾನಿಯಂತ್ರಕದ ಹೊರಘಟಕಕ್ಕೆ 10 ಮಿ.ಮೀ. ಆಂಕರ್ ಬೋಲ್ಟುಗಳನ್ನು ದಿನಕ್ಕೆ ಹತ್ತಾರು ಹಾಕುವವರಿಗೆ ಈ ಯಂತ್ರ ಶಿಕ್ಷೆಯೇ ಸರಿ. ಅವರಿಗೆ ಬೇಕಾದದ್ದು ಎಸ್‌ಡಿಎಸ್ ಪ್ಲಸ್ ಬೋರು ಹಿಡಿಯುವ ರೋಟರಿ ಹ್ಯಾಮರ್. ಅದರಲ್ಲಿ ಪಿಸ್ಟನ್ ಗಾಳಿಯನ್ನು ಒತ್ತಿ ಬೋರಿನ ಹಿಂಬದಿಗೆ ಗುದ್ದುತ್ತದೆ. ಹೊಡೆತಗಳ ಸಂಖ್ಯೆ ನಾಲ್ಕೈದು ಸಾವಿರವೇ, ಆದರೆ ಪ್ರತಿಯೊಂದಕ್ಕೂ ಒಂದರಿಂದ ಎರಡು ಜೂಲ್ ಶಕ್ತಿ. ಕೆಲಸಗಾರ ಒತ್ತಬೇಕಾದ್ದಿಲ್ಲ, ಹಿಡಿದಿದ್ದರೆ ಸಾಕು. 'ಎಲ್ಲಕ್ಕೂ ಆಗುತ್ತೆ ಸಾರ್' ಎಂಬ ಅಂಗಡಿಯವರ ಮಾತು ನಂಬಿ ಹ್ಯಾಮರ್ ಡ್ರಿಲ್ ಒಯ್ದವರು ಆರು ತಿಂಗಳಲ್ಲಿ ಮತ್ತೆ ಅದೇ ಅಂಗಡಿಯ ಮೆಟ್ಟಿಲೇರುವುದು ಇದಕ್ಕೇ. 

ಎಎಸಿ ಬ್ಲಾಕಿಗೆ ಮತ್ತು ಮೆದು ಜಂಬಿಟ್ಟಿಗೆಗೆ ಹ್ಯಾಮರ್ ಹಾಕಲೇಬಾರದು. ಅಂಚು ಪುಡಿಯಾಗಿ ಗುಬಟಿ ಸಡಿಲಗೊಳ್ಳುತ್ತದೆ. ಗ್ರಾನೈಟ್ ಮತ್ತು ವಿಟ್ರಿಫೈಡ್ ಟೈಲ್‌ಗಳಿಗೂ ಹೊಡೆತ ವರ್ಜ್ಯ. ವಜ್ರದ ಪುಡಿ ಲೇಪಿತ ಬೋರು, ತುಸು ನೀರು, ಕಡಿಮೆ ವೇಗ ಇಷ್ಟಿರಲಿ. ಕಾಂಕ್ರೀಟಿನ ಧೂಳಿನಲ್ಲಿ ಸಿಲಿಕಾ ಇರುವುದರಿಂದ ಮುಖಗವಸು ಧರಿಸುವುದು ಅಗತ್ಯ. ವರ್ಷಗಟ್ಟಲೆ ಅದನ್ನು ಉಸಿರಾಡಿದ ಶ್ವಾಸಕೋಶ ಮತ್ತೆ ಮೊದಲಿನಂತಾಗುವುದಿಲ್ಲ.

ಉದ್ದನೆಯ ಸ್ಕ್ರೂಗಳನ್ನೇ ದಿನವಿಡೀ ಇಳಿಸುವವರಿಗೆ ಡ್ರಿಲ್ಲಿಗಿಂತ ಇಂಪ್ಯಾಕ್ಟ್ ಡ್ರೈವರ್ ಹಿತ. ಅದು ತಿರುಗುವ ದಿಕ್ಕಿನಲ್ಲೇ ಗುದ್ದುವುದರಿಂದ ಕೈಗೆ ತಿರುಚು ಕಡಿಮೆ. ಕಿವಿಗೆ ಮಾತ್ರ ಕರ್ಕಶ.

ಬ್ಯಾಟರಿಯೇ ಬಂಡವಾಳ

ಯಂತ್ರ ಕೊಳ್ಳುವವರು ನಿಜಕ್ಕೂ ಕೊಳ್ಳುವುದು ಬ್ಯಾಟರಿಯ ಸಂಸಾರವನ್ನು. ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಯಂತ್ರಕ್ಕೆ ಹೊಂದುವುದಿಲ್ಲ. ಯುರೋಪಿನಲ್ಲಿ ಮೆಟಾಬೊ ಕಂಪನಿಯ ನೇತೃತ್ವದಲ್ಲಿ 2018ರಲ್ಲಿ, ಮನೆಬಳಕೆಯ ಯಂತ್ರಗಳಿಗಾಗಿ 2020ರಲ್ಲಿ ಬಾಷ್ ಮತ್ತಿತರರಿಂದ ಹಂಚಿಕೆಯ ಒಕ್ಕೂಟಗಳು ರೂಪುಗೊಂಡವಾದರೂ ಪ್ರಮುಖ ಪ್ರತಿಸ್ಪರ್ಧಿಗಳ ನಡುವಿನ ಗೋಡೆ ಹಾಗೇ ಇದೆ. ಮುಂದೆ ಗ್ರೈಂಡರ್, ಗರಗಸ ಕೊಳ್ಳುವ ಯೋಚನೆಯಿದ್ದರೆ ಅವೂ ಅದೇ ಬ್ಯಾಟರಿಯಲ್ಲಿ ಸಿಗುತ್ತವೆಯೇ ಎಂದು ಮೊದಲೇ ನೋಡಿಕೊಳ್ಳುವುದು ಲೇಸು.

ಆಂಪಿಯರ್ ಅವರ್ ಅಂಕಿಯನ್ನು ವೋಲ್ಟಿನಿಂದ ಗುಣಿಸಿದರೆ ಸಿಗುವುದೇ ನಿಜವಾದ ದಾಸ್ತಾನು. 18 ವೋಲ್ಟ್, 2 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 36 ವ್ಯಾಟ್ ಅವರ್. 4 ಆಂಪಿಯರ್ ಅವರ್‌ನದರಲ್ಲಿ 72. ದೊಡ್ಡ ಬ್ಯಾಟರಿ ಹೆಚ್ಚು ಹೊತ್ತು ನಡೆಯುತ್ತದೆ ಎಂಬುದಷ್ಟೇ ಅಲ್ಲ, ತಂಪಾಗಿಯೂ ನಡೆಯುತ್ತದೆ. ದಪ್ಪ ರಂಧ್ರ ಕೊರೆಯುವಾಗ ಯಂತ್ರ 30 ಆಂಪಿಯರ್ ಎಳೆದೀತು. ಐದೇ ಕೋಶಗಳಿದ್ದರೆ ಅಷ್ಟೂ ಪ್ರವಾಹ ಪ್ರತಿಯೊಂದರಲ್ಲೂ ಹರಿಯುತ್ತದೆ. ಹತ್ತು ಕೋಶಗಳನ್ನು ಎರಡು ಸಾಲಾಗಿ ಹಂಚಿದರೆ ಪ್ರತಿ ಕೋಶಕ್ಕೆ 15 ಆಂಪಿಯರ್. ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾದ್ದರಿಂದ ಒಂದೊಂದು ಕೋಶ ಕಾಲುಭಾಗ ಮಾತ್ರ ಬಿಸಿಯಾಗುತ್ತದೆ. ಹಾಗೆಂದು ದಿನವಿಡೀ ತಲೆಯ ಮೇಲೆ ಕೈಯೆತ್ತಿ ಕೆಲಸ ಮಾಡುವವರು ಭಾರದ ಬ್ಯಾಟರಿ ಸಿಕ್ಕಿಸಿಕೊಂಡರೆ ಪುಟ್ಟ ಯಂತ್ರ ಕೊಂಡ ಉದ್ದೇಶವೇ ನೀರುಪಾಲು. ಎರಡು ಸಣ್ಣ ಬ್ಯಾಟರಿಗಳನ್ನು ಸರದಿಯಲ್ಲಿ ಬಳಸುವುದು, ಕಠಿಣ ಕೆಲಸಕ್ಕಷ್ಟೇ ದೊಡ್ಡದೊಂದನ್ನು ಇಟ್ಟುಕೊಳ್ಳುವುದು ವಾಡಿಕೆಯ ಹಾಗೂ ಯೋಗ್ಯ ಪರಿಹಾರ. 21 ಮಿ.ಮೀ. ವ್ಯಾಸದ ಹೊಸ ಕೋಶಗಳು ಬಂದ ಮೇಲೆ ಐದೇ ಕೋಶಗಳಲ್ಲಿ 4 ಆಂಪಿಯರ್ ಅವರ್ ತುಂಬುವುದು ಸಾಧ್ಯವಾಗಿದೆ.

ಬ್ಯಾಟರಿಯ ಪರಮವೈರಿ ಬಿಸಿಲು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟ ಬ್ಯಾಟರಿಯ ಆಯಸ್ಸು ಕುಗ್ಗುವುದರಲ್ಲಿ ಸಂಶಯವಿಲ್ಲ. ಕೆಲಸ ಮುಗಿದೊಡನೆ ಬಿಸಿಯಾಗಿರುವಾಗಲೇ ಚಾರ್ಜಿಗೆ ಇಟ್ಟರೆ ಒಳ್ಳೆಯ ಚಾರ್ಜರು ತಣಿಯುವವರೆಗೆ ಕಾಯುತ್ತದೆ, ಅಗ್ಗದ್ದು ಕಾಯುವುದಿಲ್ಲ. ವಾರಗಟ್ಟಲೆ ಬಳಸದೆ ಇಡುವುದಾದರೆ ಅರ್ಧದಷ್ಟು ಚಾರ್ಜು ಉಳಿಸಿ ತಂಪಾದ ಕಡೆ ಇಡಬೇಕು.

ಕೊಳ್ಳುವ ಮುನ್ನ

ಅಂಗಡಿಯಲ್ಲಿ ಯಂತ್ರವನ್ನು ಬ್ಯಾಟರಿಸಹಿತ ಕೈಗೆತ್ತಿಕೊಂಡು ಎರಡು ನಿಮಿಷ ತಲೆಗಿಂತ ಮೇಲೆ ಹಿಡಿದು ನೋಡುವುದಕ್ಕೆ ಯಾರೂ ಸಂಕೋಚಪಡಬೇಕಿಲ್ಲ. ಹಿಡಿಯ ಬಳಿ ತೂಕ ಸಮತೋಲದಲ್ಲಿದೆಯೇ, ತಲೆಯ ಉದ್ದ 15 ಸೆಂ.ಮೀ. ಆಸುಪಾಸಿನಲ್ಲಿದೆಯೇ, ಚಕ್ ಲೋಹದ್ದೇ, ಅದರಲ್ಲಿ ಬೋರು ಸಿಕ್ಕಿಸಿ ತಿರುಗಿಸಿದಾಗ ತುದಿ ಓಲಾಡುತ್ತಿದೆಯೇ ಎಂಬುದನ್ನು ಪರೀಕ್ಷಿಸುವುದು ಒಳಿತು. ತುದಿ ಓಲಾಡುವ ಯಂತ್ರವನ್ನು ಎಷ್ಟೇ ರಿಯಾಯಿತಿ ಕೊಟ್ಟರೂ ಅಲ್ಲೇ ಬಿಟ್ಟುಬರಬೇಕು. ಆಮದಾದ ಸರಕಿನ ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆ, ಆಮದುದಾರರ ಹೆಸರು ಮತ್ತು ವಿಳಾಸ ಮುದ್ರಿತವಾಗಿರಬೇಕೆಂಬುದು ಕಾನೂನಿನ ನಿಯಮ. ಅದಿಲ್ಲದ ಯಂತ್ರಕ್ಕೆ ವಾರಂಟಿ ಕೇಳಲು ಹೋಗುವುದಾದರೂ ಎಲ್ಲಿಗೆ?

ಕೆಲಸಕ್ಕಾಗಿ ಬೇರೆ ಊರಿಗೆ ವಿಮಾನದಲ್ಲಿ ತೆರಳುವ ತಂತ್ರಜ್ಞರು ಇನ್ನೊಂದು ವಿಷಯ ತಿಳಿದಿರಬೇಕು. ಡ್ರಿಲ್ಲನ್ನು ಕ್ಯಾಬಿನ್ನಿಗೆ ಒಯ್ಯಲು ಬಿಡುವುದಿಲ್ಲ, ಬಿಡಿ ಬ್ಯಾಟರಿಯನ್ನು ಸರಕಿನ ಚೀಲದಲ್ಲಿ ಹಾಕಲು ಬಿಡುವುದಿಲ್ಲ. ಯಂತ್ರ ಕೆಳಗೆ, ಬ್ಯಾಟರಿ ತುದಿಗಳಿಗೆ ಟೇಪು ಸುತ್ತಿಕೊಂಡು ಕೈಚೀಲದಲ್ಲಿ. 100 ವ್ಯಾಟ್ ಅವರ್ ಒಳಗಿನ ಬ್ಯಾಟರಿಗೆ ವಿಮಾನಯಾನ ಸಂಸ್ಥೆಯ ವಿಶೇಷ ಅನುಮತಿ ಬೇಕಿಲ್ಲ. 18 ವೋಲ್ಟಿನ 5 ಆಂಪಿಯರ್ ಅವರ್ ಬ್ಯಾಟರಿ 90ಕ್ಕೆ ನಿಲ್ಲುತ್ತದೆ. 

ಆಯಸ್ಸು ತೀರಿದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕುವುದು ಅಪಾಯಕರ. ಒತ್ತಡಕ್ಕೆ ಸಿಕ್ಕಿ ಹೊತ್ತಿಕೊಳ್ಳಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದರ ಸಂಗ್ರಹ ಮತ್ತು ಮರುಬಳಕೆಯ ಹೊಣೆ ತಯಾರಕರದೇ ಆಗಿದೆ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ ಏನಿದೆಯೆಂದು ಅಂಗಡಿಯಲ್ಲೋ ಸೇವಾಕೇಂದ್ರದಲ್ಲೋ ಗ್ರಾಹಕರು ಧಾರಾಳವಾಗಿ ಕೇಳಬಹುದು.