ನಾಲ್ಕು ಮಕ್ಕಳ ಮನೆ, ಅಮೆರಿಕದ ಕಾಲೇಜು ನೆರವು

ಅಮೆರಿಕದ ಸಂಸಾರವೊಂದರಲ್ಲಿ ನಾಲ್ವರು ಮಕ್ಕಳಿದ್ದು, ಅವರಲ್ಲಿ ಇಬ್ಬರು ಏಕಕಾಲದಲ್ಲಿ ಕಾಲೇಜಿನ ಮೆಟ್ಟಿಲನ್ನೇರಿದರೆ, ಹೆತ್ತವರು ಭರಿಸಬಲ್ಲರೆಂದು ಎಣಿಸಿದ ಮೊತ್ತವನ್ನು ಸರ್ಕಾರವು ಇಬ್ಬರಿಗೂ ಸಮನಾಗಿ ಭಾಗಿಸಿ ನೋಡುತ್ತಿದ್ದ ಕಾಲವೊಂದಿತ್ತು. 2024-25ರ ಶೈಕ್ಷಣಿಕ ವರ್ಷದಿಂದ ಆ ಭಾಗಾಕಾರವು ಅಸ್ತಂಗತವಾಯಿತು. ಫಾಫ್ಸಾ ಎಂಬ ಸರ್ಕಾರಿ ನೆರವಿನ ಅರ್ಜಿಯಿಂದ ಇಂದು ಹೊರಡುವ, ಕುಟುಂಬದ ಆರ್ಥಿಕ ಶಕ್ತಿಯನ್ನು ಅಳೆಯುವ ‘ಸ್ಟೂಡೆಂಟ್ ಏಯ್ಡ್ ಇಂಡೆಕ್ಸ್’ ಎಂಬ ಸಂಖ್ಯೆಯಲ್ಲಿ, ಕಾಲೇಜಿನಲ್ಲಿರುವ ಒಡಹುಟ್ಟಿದವರ ಎಣಿಕೆಗೆ ಸ್ಥಾನವಿಲ್ಲ. ಆದರೂ ಮನೆಮಂದಿಯ ಸಂಖ್ಯೆ ಬೆಳೆದಂತೆಲ್ಲ, ಜೀವನನಿರ್ವಹಣೆಗೆಂದು ಆದಾಯದಲ್ಲಿ ಕಳೆಯುವ ಮೊತ್ತವೂ ಬೆಳೆಯುವುದರಿಂದ, ದೊಡ್ಡ ಕುಟುಂಬಕ್ಕೆ ಇನ್ನೂ ಕಿಂಚಿತ್ ಆಶ್ರಯವುಂಟು. ಈ ಸಂಖ್ಯೆಯು ಸೊನ್ನೆಗಿಂತಲೂ ಕೆಳಗೆ, ಋಣ 1500ರವರೆಗೆ ಇಳಿಯಬಲ್ಲುದು. ಬಡತನಕ್ಕೆ ಇಷ್ಟು ಆಳವುಂಟೆಂದು ಗಣಿತವೂ ಒಪ್ಪಿಕೊಂಡಿತಲ್ಲ!

ಕೆಲವು ಖಾಸಗಿ ಕಾಲೇಜುಗಳಾದರೋ, ಸಿ.ಎಸ್.ಎಸ್. ಪ್ರೊಫೈಲ್ ಎಂಬ ಬೇರೊಂದು ಅರ್ಜಿಯ ಮೂಲಕ, ಹಳೆಯ ದಾಕ್ಷಿಣ್ಯವನ್ನು ಇಂದಿಗೂ ತೋರುವುದುಂಟು. ಆದಕಾರಣ ಘೋಷಿತ ಶುಲ್ಕವನ್ನು ಕಂಡೊಡನೆ ಎದೆಗುಂದುವುದು ಅವಿವೇಕ. ಫೆಡರಲ್ ನೆರವಿನಲ್ಲಿ ಭಾಗಿಯಾದ ಕಾಲೇಜುಗಳು ತಮ್ಮ ಜಾಲತಾಣದಲ್ಲಿ, ನೆರವು ಕಳೆದು ಉಳಿಯುವ ವೆಚ್ಚವನ್ನು ಅಂದಾಜಿಸುವ ‘ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್’ ಇರಿಸತಕ್ಕದ್ದೆಂಬುದು 2011ರಿಂದ ಜಾರಿಯಲ್ಲಿರುವ ಕಟ್ಟಳೆ. ತೆರಿಗೆಯ ಕಾಗದಗಳನ್ನು ಮುಂದಿಟ್ಟುಕೊಂಡು ಒಂದೊಂದು ಕಾಲೇಜಿನದನ್ನೂ ಪ್ರತ್ಯೇಕವಾಗಿ ತುಂಬಿರಿ. ಇಬ್ಬರು ಒಟ್ಟಿಗೆ ಓದುತ್ತಿದ್ದರೆ, ವಿವೇಚನಾಧಿಕಾರವುಳ್ಳ ಕಾಲೇಜಿನ ನೆರವಿನ ಕಚೇರಿಗೆ ಆ ಸಂಗತಿಯನ್ನು ತಿಳಿಸಿ ಪತ್ರವೊಂದನ್ನೂ ಬರೆಯಿರಿ.