ತೋಳದ ಮರಿಯಲ್ಲ ಸ್ವಾಮಿ, ಅದು ಗುಳ್ಳೆನರಿ!

ಮಧುಗಿರಿ ಕಡೆಯಿಂದ ನಸುಕಿನ ಬಸ್ಸು ಹಿಡಿಯುವವರಿಗೆ ಇದು ಹೊಸದೇನಲ್ಲ. ದೀಪದ ಬೆಳಕಿಗೆ ಸಿಕ್ಕಿ, ಬೆಕ್ಕಿಗಿಂತ ತುಸು ದೊಡ್ಡದೊಂದು ಪ್ರಾಣಿ ಸರ್ರನೆ ರಸ್ತೆ ದಾಟುತ್ತದೆ. ಬಸ್ಸಿನೊಳಗೆ ಚರ್ಚೆ ಶುರು. "ನರಿ ಮುಖ ನೋಡಿದ್ವಿ, ಇವತ್ತು ಒಳ್ಳೇದಾಗ್ತದೆ ಬಿಡಿ" ಅಂತ ಒಬ್ಬರು. "ನರಿ ಇಷ್ಟು ಚಿಕ್ಕದಿರ್ತದಾ? ತೋಳದ ಮರಿ ಕಣ್ರೀ" ಅಂತ ಇನ್ನೊಬ್ಬರು. ಕಂಡಕ್ಟರು ಚಿಲ್ಲರೆ ಎಣಿಸುತ್ತಲೇ "ಕಾಡುನಾಯಿ" ಎಂದು ತೀರ್ಪು ಕೊಟ್ಟು ಮುಂದೆ ಹೋಗುತ್ತಾರೆ.

ಅದು ಗುಳ್ಳೆನರಿ. ಊರಾಚೆ ಕೂಗುವ ದೊಡ್ಡ ನರಿಯದೇ ಬೇರೆ ಜಾತಿ, ಇದರದೇ ಬೇರೆ. ದೊಡ್ಡ ನರಿ ಎಂಟು ಹತ್ತು ಕೆ.ಜಿ. ತೂಗಿದರೆ ಇದು ಎರಡು ಮೂರು ಕೆ.ಜಿ. ದಾಟುವುದೇ ಅಪರೂಪ. ಮೈ ಬೂದು, ಕಾಲು ನಸುಗೆಂಪು, ಹೊಟ್ಟೆ ತಿಳಿ. ಬಾಲವಂತೂ ಮೈಯ ಅರ್ಧಕ್ಕೂ ಉದ್ದ, ಪೊರಕೆಯಂತೆ ಸೊಂಪು, ತುದಿ ಮಾತ್ರ ಕಪ್ಪು. ಓಡುವಾಗ ಆ ಬಾಲ ನೆಲಕ್ಕೆ ಸಮವಾಗಿ ಚಾಚಿಕೊಳ್ಳುತ್ತದೆ. ಥಟ್ಟನೆ ತಿರುಗಬೇಕಾದರೆ ಮೇಲಕ್ಕೇಳುತ್ತದೆ. ಒಮ್ಮೆ ಕಂಡವರು ಮರೆಯುವುದಿಲ್ಲ.

ಬಣ್ಣವೂ ಎಲ್ಲ ಕಡೆ ಒಂದೇ ಅಲ್ಲ. ಊರಿಗೂ ಕಾಲಕ್ಕೂ ತಕ್ಕಂತೆ ಬೂದು, ಕಂದು ಹೆಚ್ಚು ಕಡಿಮೆ ಆಗುತ್ತದೆ. ಒಣಹುಲ್ಲಿನ ನಡುವೆ ಕೂತರೆ ಹತ್ತು ಮಾರು ದೂರದಿಂದಲೂ ಕಾಣದು.

ಇದರ ದೊಡ್ಡ ನೆಂಟ ಕೆಂಪು ನರಿ ನಮ್ಮ ಸೀಮೆಯಲ್ಲಿಲ್ಲ. ಅದು ಲಡಾಖಿನ ಹಿಮದಲ್ಲಿದೆ, ರಾಜಸ್ಥಾನದ ಮರಳಿನಲ್ಲಿದೆ. ಬಾಲದ ತುದಿ ಬಿಳಿ, ಕಿವಿಯ ಹಿಂಬದಿ ಕಪ್ಪು. ಮರಳುಗಾಡಿನದು ಮಾಸಲು, ಹಿಮದ ಕಡೆಯದು ದಟ್ಟ ತುಪ್ಪುಳದ್ದು. ಇದೇ ಜಾತಿಯಲ್ಲಿ ಒಮ್ಮೊಮ್ಮೆ ಕಪ್ಪು ಮೈಗೆ ಬೆಳ್ಳಿ ಎರಚಿದಂಥ ಮರಿ ಹುಟ್ಟುತ್ತದೆ. ಕೆಂಪು ಮರಿಗಳ ಜೊತೆ ಒಂದೇ ಸೂಲಿನಲ್ಲೂ ಬರಬಹುದು. ಆ ಬೆಳ್ಳಿ ತುಪ್ಪುಳದ ಆಸೆಗೆ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ 1890ರ ದಶಕದಲ್ಲೇ ನರಿ ಸಾಕಣೆ ಹಿಡಿದರು. ಕೋಳಿ ಸಾಕಿದ ಹಾಗೆ! ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ 1959ರಿಂದ ಬೆಲ್ಯಾಯೆವ್ ಎಂಬ ವಿಜ್ಞಾನಿ ಇಂಥ ನರಿಗಳಲ್ಲಿ ಸಾಧುವಾದವನ್ನೇ ಆರಿಸಿ ಮರಿ ಮಾಡಿಸಿದರು. ಬಣ್ಣ ನೋಡಿ ಆರಿಸಲಿಲ್ಲ. ಆದರೂ ಕೆಲವೇ ತಲೆಮಾರಿನಲ್ಲಿ ಹಣೆಗೆ ಬಿಳಿ ಬೊಟ್ಟು ಬಿತ್ತು, ಕಿವಿ ಜೋತುಬಿತ್ತು. ಉತ್ತರ ಧ್ರುವದ ನರಿಯದು ಇನ್ನೊಂದು ಪರಿ: ಚಳಿಗಾಲಕ್ಕೆ ಹಾಲುಬಿಳಿ, ಬೇಸಿಗೆಗೆ ಕಂದು.

ನಮ್ಮ ಗುಳ್ಳೆನರಿಯ ತುಪ್ಪುಳಕ್ಕೆ ಅಂಥ ಬೆಲೆ ಬರಲಿಲ್ಲ, ಪಂಜರ ತಪ್ಪಿತು. ಕಷ್ಟ ಮಾತ್ರ ಬೇರೆ ದಾರಿಯಲ್ಲಿ ಬಂತು. ಕುರಿಮರಿ ಕಾಣದಿದ್ದರೆ "ಆ ನರೀದೇ ಕೆಲ್ಸ" ಅನ್ನುವವರಿದ್ದಾರೆ. ಮೂರು ಕೆ.ಜಿ. ಪ್ರಾಣಿಗೆ ಕುರಿ ಎಳೆದೊಯ್ಯುವ ತಾಕತ್ತು ಎಲ್ಲಿಂದ ಬರಬೇಕು? ಅದರ ಊಟ ಇಲಿ, ಏಡಿ, ಗೆದ್ದಲು, ಹುಳುಹುಪ್ಪಟೆ, ಸಿಕ್ಕಿದರೆ ಎಲಚಿ ಹಣ್ಣು. ಇಲಿ ಹೊಕ್ಕ ಕಡಲೆಕಾಯಿ ಹೊಲಕ್ಕೆ ಕೂಲಿ ಕೇಳದ ಕಾವಲುಗಾರ ಅದು.

ಇನ್ನು 'ನರಿಕೊಂಬು'. ಗಲ್ಲಾಪೆಟ್ಟಿಗೆಯಲ್ಲಿಟ್ಟರೆ ವ್ಯಾಪಾರ ಕುದುರುತ್ತದೆಂದು ಅಂಗಡಿ ಬಾಗಿಲಿಗೇ ಬಂದು ತಲೆಗೆ ಕಟ್ಟುವವರುಂಟು. ನರಿಗೆ ಕೊಂಬಿಲ್ಲ ಸ್ವಾಮಿ, ದೊಡ್ಡದಕ್ಕೂ ಇಲ್ಲ, ಗುಳ್ಳೆಗೂ ಇಲ್ಲ. ನರಿ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ದೊಡ್ಡ ಪೆಟ್ಟು ಬಿದ್ದಿರುವುದು ಬಯಲಿಗೆ. ಹುಲ್ಲುಗಾವಲನ್ನು ಕಡತದಲ್ಲಿ 'ಬೀಳು' ಎಂದು ಬರೆದರಾಯಿತು, ಒಂದು ಕಡೆ ನೀಲಗಿರಿ ನೆಡುತ್ತಾರೆ, ಇನ್ನೊಂದು ಕಡೆ ಉಳುತ್ತಾರೆ. ಬಿಲ ತೋಡಲು ನೆಲವೇ ಇಲ್ಲ. ಉಳಿದ ಮರಿಗಳಿಗೆ ಬೀದಿನಾಯಿಗಳ ಕಾಟ, ಅವುಗಳಿಂದ ಅಂಟುವ ರೋಗ.

ನೋಡಬೇಕೆನ್ನುವವರಿಗೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಇದೆ. 2007ರಲ್ಲಿ ಕೃಷ್ಣಮೃಗಕ್ಕೆಂದು ಕಾದಿಟ್ಟ ಜಯಮಂಗಲಿ ಬಯಲು, 798 ಎಕರೆ. ಜಿಂಕೆ ನೋಡಲು ಹೋದವರು ಸಂಜೆಗತ್ತಲಲ್ಲಿ ಬಿಲದ ಬಾಯಿಯತ್ತ ಕಣ್ಣು ಹಾಯಿಸಲಿ. ಮೊದಲು ಕಾಣುವುದು ಎರಡು ಕಿವಿ, ಆಮೇಲೆ ಆ ಕಪ್ಪು ತುದಿಯ ಬಾಲ.