ಇಟಲಿ ದೇಶದ ಆಲಿವ್ ಕೊಯ್ಲು

ಎಣ್ಣೆಯ ಬೆಳೆಯನ್ನು ಬೆಳೆಯುವವರು ಹುಟ್ಟುವಳಿಯ ವಿಷಯದಲ್ಲಿ ವಹಿಸುವಷ್ಟು ಗಮನವನ್ನು, ಕೊಯ್ಲಿಗೂ ಗಾಣಕ್ಕೂ ನಡುವೆ ಕಳೆಯುವ ಕಾಲದ ವಿಷಯದಲ್ಲಿ ವಹಿಸುವುದು ಅಪೂರ್ವ. ಎಣ್ಣೆಯ ಗುಣವು ಬಹುಮಟ್ಟಿಗೆ ಈ ಅವಧಿಯಲ್ಲಿಯೇ ಕೆಡುವುದೆಂಬುದನ್ನು, ಇಟಲಿಯ ಟಸ್ಕನಿ ಪ್ರಾಂತದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಅಲ್ಲಿನ ರೈತ ಕುಟುಂಬವೊಂದರ ಸಂಗಡ ಆಲಿವ್ ಕೊಯ್ಲಿಗೆ ಹೋಗಿ ಪ್ರತ್ಯಕ್ಷವಾಗಿ ಕಂಡೆನು. ಪಟೇಲರಿಗೂ ಜಮೀನುದಾರರಿಗೂ ಉಪಯೋಗವಾಗಬಹುದೆಂದು ಆ ಸಂಗತಿಗಳನ್ನು ಇಲ್ಲಿ ನಿರೂಪಿಸಿರುತ್ತೇನೆ.

ಆಲಿವ್ ಸದಾ ಹಸುರಾಗಿರುವ ಮರ. ಇದರ ಎಣ್ಣೆಯು ಮುಖ್ಯವಾಗಿ ಕಾಯಿಯ ತಿರುಳಿನಲ್ಲಿರುವುದು. ಟಸ್ಕನಿಯಲ್ಲಿ ಫ್ರಾಂತೋಯೊ, ಮೊರಾಯೋಲೊ, ಲೆಚ್ಚೀನೊ ಎಂಬ ತಳಿಗಳು ಪ್ರಸಿದ್ಧವಾದುವು. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಕಾಯಿಯು ಹಸುರಿನಿಂದ ನೇರಳೆ ಬಣ್ಣಕ್ಕೆ ತಿರುಗುತ್ತಿರುವಾಗಲೇ ಕೊಯ್ಲು ನಡೆಯುವುದು. ಪೂರ್ತಿ ಕಪ್ಪಾಗುವವರೆಗೆ ಕಾದರೆ ಗಾಣದಲ್ಲಿ ಎಣ್ಣೆ ಹೆಚ್ಚು ಬಂದೀತು. ಆದರೆ ಬೇಗ ಕೊಯ್ದುದರ ಖಾರವೂ ಪರಿಮಳವೂ ಬಾಳಿಕೆಯೂ ಅದಕ್ಕಿರವು.

ಮರದಡಿಯಲ್ಲಿ ಬಲೆಗಳನ್ನು ಹಾಸಿ, ಏಣಿ ಹತ್ತಿ, ಕೈಯಿಂದಲೂ ಸಣ್ಣ ಬಾಚಣಿಗೆಗಳಿಂದಲೂ ಕೊಂಬೆಗಳನ್ನು ಬಾಚಿ ಕಾಯಿ ಉದುರಿಸುವರು. ನಮ್ಮ ಮಲೆನಾಡಿನ ಮುಯ್ಯಾಳಿನಂತೆ ನೆಂಟರೂ ನೆರೆಯವರೂ ಬಂದು ನೆರವಾಗುವರು. ಒಂದೇ ಬುಡದಿಂದ ಎರಡು ಮೂರು ಕಾಂಡಗಳೆದ್ದ ಮರಗಳು ಅಲ್ಲಿ ಹೇರಳ. 1985ರ ಜನವರಿಯ ಘೋರವಾದ ಚಳಿಯಲ್ಲಿ ಆ ಪ್ರಾಂತದ ಲಕ್ಷಾಂತರ ಮರಗಳು ನೆಲದ ಮೇಲೆ ಸತ್ತುಹೋದುವು. ರೈತರು ಅವುಗಳನ್ನು ಬುಡದವರೆಗೆ ಕಡಿದು, ಬೇರಿನಿಂದ ಚಿಗುರಿದ ಕುಡಿಗಳನ್ನೇ ಸಾಕಿ ತೋಟಗಳನ್ನು ಮರಳಿ ಪಡೆದರು.

ಇಷ್ಟು ಕಷ್ಟದಿಂದ ಉಳಿಸಿದ ಮರದ ಫಲವನ್ನು ಎರಡು ದಿನದ ಉದಾಸೀನವು ಹಾಳುಮಾಡಬಲ್ಲುದು. ಜಜ್ಜಿದ ಕಾಯಿಯನ್ನು ಚೀಲದಲ್ಲಿ ತುಂಬಿ ರಾಶಿ ಹಾಕಿದರೆ ಕಾವೇರಿ ಹುಳಿಯುವುದು. ಎಣ್ಣೆಯಲ್ಲಿ ಆಮ್ಲವು ಹೆಚ್ಚುವುದು. ನೂರು ಭಾಗ ಎಣ್ಣೆಯಲ್ಲಿ 0.8 ಭಾಗಕ್ಕಿಂತ ಹೆಚ್ಚು ಆಮ್ಲವಿದ್ದರೆ ಅದು ಅತ್ಯುತ್ತಮ ದರ್ಜೆಯಿಂದ ಇಳಿದು ಬೆಲೆಯನ್ನು ಕಳೆದುಕೊಳ್ಳುವುದು. ಆದಕಾರಣ ಅವರು ಗಾಳಿಯಾಡುವ ಪೆಟ್ಟಿಗೆಗಳಲ್ಲಿ ಕಾಯಿಯನ್ನು ತೆಳ್ಳಗೆ ತುಂಬಿ, ಸಾಧ್ಯವಾದರೆ ಅದೇ ದಿನ ಗಾಣಕ್ಕೆ ಸಾಗಿಸುವರು. ಗಾಣದಲ್ಲಿ ಸರದಿಯನ್ನು ಮೊದಲೇ ಗೊತ್ತುಮಾಡಿಕೊಂಡು, ಅದಕ್ಕೆ ತಕ್ಕಷ್ಟನ್ನೇ ಕೊಯ್ಯುವರು.

ಹಿಂದೆ ಕಲ್ಲಿನಿಂದ ಅರೆದು ಚಾಪೆಗಳ ನಡುವೆ ಹಿಂಡುತ್ತಿದ್ದರು. ಚಾಪೆಯಲ್ಲುಳಿದ ಹಳೆಯ ತಿರುಳು ಹೊಸ ಎಣ್ಣೆಗೆ ದುರ್ವಾಸನೆ ತರುತ್ತಿತ್ತು. ಈಗ ಕಾಯಿಯನ್ನು ತೊಳೆದು, ಅರೆದು, 27 ಡಿಗ್ರಿ ಸೆಂಟಿಗ್ರೇಡಿಗೆ ಮೀರದಂತೆ ಕಲಸಿ, ವೇಗವಾಗಿ ತಿರುಗುವ ಯಂತ್ರದಿಂದ ಎಣ್ಣೆಯನ್ನು ಬೇರ್ಪಡಿಸುವರು. ಹಸುರು ಬಣ್ಣದ ಆ ಹೊಸ ಎಣ್ಣೆಯನ್ನು ಬೆಳ್ಳುಳ್ಳಿ ತಿಕ್ಕಿದ ಸುಟ್ಟ ರೊಟ್ಟಿಯ ಮೇಲೆ ಸುರಿದು ಎಲ್ಲರಿಗೂ ಹಂಚುವರು.

ನಮ್ಮ ಕಡಲೆಕಾಯಿಗೂ ಈ ನ್ಯಾಯವು ಸಲ್ಲುವುದು. ಕಿತ್ತ ಕಾಯನ್ನು ಹಸಿಯಾಗಿಯೇ ರಾಶಿ ಹಾಕಿದರೆ ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷವು ಹುಟ್ಟಬಹುದು. ಅದು ಹಿಂಡಿಯ ಮೂಲಕ ದನಗಳನ್ನೂ ಸೇರುವುದು. ಒಣಗಿಸುವ ಕಣವನ್ನೂ ಆಳುಗಳನ್ನೂ ಗಾಡಿಯನ್ನೂ ಕೊಯ್ಲಿಗೆ ಮುಂಚೆಯೇ ಸರದಿಯಂತೆ ಗೊತ್ತುಪಡಿಸುವುದು ಒಬ್ಬ ರೈತನಿಂದ ಆಗತಕ್ಕ ಕೆಲಸವಲ್ಲ. ಗ್ರಾಮದ ಮುಖಂಡರು ಮುಂದಾಗಿ ಇದನ್ನು ನಡೆಸಿದಲ್ಲಿ ಬೆಳೆದುದರ ಪೂರ್ಣ ಬೆಲೆಯು ಊರಿಗೆ ದಕ್ಕುವುದು.